ಡೋಪಮೈನ್ ನರಕೋಶಗಳು ಮತ್ತು ಕಿಣ್ವ ಪ್ರತಿಬಂಧಕಗಳು: ಇಲಿಗಳ ಮೇಲಿನ ಪ್ರಯೋಗವರದಿಯನ್ನು ಓದುವ ಕ್ರಮ

"ಈ ಔಷಧವು ಡೋಪಮೈನ್ ನರಕೋಶಗಳನ್ನು ರಕ್ಷಿಸಿತು" ಎಂಬ ವಾಕ್ಯವನ್ನು ಪ್ರಯೋಗವರದಿಯ ಸಾರಾಂಶದಲ್ಲಿ ಓದಿದಾಗ ಅದರ ಅರ್ಥ ಸ್ಪಷ್ಟವಾಗಿದೆ ಎನಿಸುತ್ತದೆ. ಆದರೆ ಔಷಧವು ನರಕೋಶದೊಳಗಿನ ಹಾನಿಯನ್ನು ತಡೆದಿರಬಹುದು, ವಿಷವು ನರಕೋಶವನ್ನು ತಲುಪುವುದನ್ನೇ ತಪ್ಪಿಸಿರಬಹುದು, ಅಥವಾ ಕೋಶಗಳನ್ನು ಎಣಿಸಲು ಬಳಸಿದ ಗುರುತನ್ನು ಮಾತ್ರ ಹೆಚ್ಚಿಸಿರಬಹುದು. ಈ ಮೂರೂ ಸಂದರ್ಭಗಳಲ್ಲಿ ವರದಿಯ ಚಿತ್ರಪಟಗಳು ಒಂದೇ ಬಗೆಯಲ್ಲಿ ಕಾಣುತ್ತವೆ. ಔಷಧಶಾಸ್ತ್ರ ಅಥವಾ ನರವಿಜ್ಞಾನದ ವಿದ್ಯಾರ್ಥಿಯೊಬ್ಬರು ಇಂತಹ ವರದಿಯನ್ನು ಕೈಗೆತ್ತಿಕೊಂಡಾಗ ಈ ಸಾಧ್ಯತೆಗಳನ್ನು ಹೇಗೆ ಬೇರ್ಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇಲ್ಲಿ ಚರ್ಚಿಸುವ ಔಷಧಗಳು ಕಿಣ್ವ ಪ್ರತಿಬಂಧಕಗಳು, ಅಂದರೆ ಯಾವುದಾದರೊಂದು ಕಿಣ್ವದ ಕೆಲಸವನ್ನು ತಡೆಯುವ ಪದಾರ್ಥಗಳು. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ನನ್ನ ದೃಷ್ಟಿಯಲ್ಲಿ, ಒಂದೇ: ತಡೆಗೊಳಗಾದ ಕಿಣ್ವ ಯಾವ ಕೋಶದಲ್ಲಿದೆ?

ಪದಬಳಕೆಯ ಬಗ್ಗೆ ಒಂದು ಮಾತು. ರ‍್ಯಾಟ್ ಮತ್ತು ಮೌಸ್ ಎರಡನ್ನೂ ನಾವು ಸಾಮಾನ್ಯವಾಗಿ ಇಲಿ ಎಂದೇ ಕರೆಯುತ್ತೇವೆ. ಈ ವಿಷಯದಲ್ಲಿ ಅವೆರಡನ್ನು ಒಂದಾಗಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಆದ್ದರಿಂದ ಇಲ್ಲಿ ಮೊದಲನೆಯದನ್ನು ಇಲಿ ಎಂದೂ ಎರಡನೆಯದನ್ನು ಚಿಟ್ಟಿಲಿ ಎಂದೂ ಬರೆಯುತ್ತೇನೆ.

ಮೊದಲು ಕಿಣ್ವದ ನೆಲೆಯನ್ನು ಗುರುತಿಸಿ

ಒಂದು ಹಾಳೆಯ ಮೇಲೆ, ನರಕೋಶಗಳ ನಡುವೆ ಸಂಕೇತ ಒಯ್ಯುವ ಪದಾರ್ಥವಾದ ಡೋಪಮೈನ್‌ನ ಜೀವನಚಕ್ರವನ್ನು ಬರೆದುಕೊಳ್ಳಿ. ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಟೈರೊಸಿನ್ ಹೈಡ್ರಾಕ್ಸಿಲೇಸ್ ಕಿಣ್ವವು ಎಲ್-ಡೋಪಾ ಆಗಿ ಮಾರ್ಪಡಿಸುತ್ತದೆ; ಇಡೀ ಉತ್ಪಾದನೆಯ ವೇಗವನ್ನು ನಿರ್ಧರಿಸುವ ಹಂತ ಇದೇ. ಡೋಪಾ ಡಿಕಾರ್ಬಾಕ್ಸಿಲೇಸ್ ಅದನ್ನು ಡೋಪಮೈನ್ ಮಾಡುತ್ತದೆ. ಬಿಡುಗಡೆಯಾದ ಡೋಪಮೈನ್‌ನ ಬಹುಭಾಗವನ್ನು ಅದೇ ನರತುದಿಯ ಮೇಲಿರುವ ಸಾಗಣೆ ಪ್ರೋಟೀನು ಮರಳಿ ಒಳಗೆಳೆದುಕೊಳ್ಳುತ್ತದೆ. ಅದನ್ನು ಕಾದಿಡುವ ಸಣ್ಣ ಚೀಲಗಳಾದ ಕೋಶಿಕೆಗಳಿಗೆ ಸೇರದೆ ಉಳಿದ ಡೋಪಮೈನನ್ನು ಮೈಟೊಕಾಂಡ್ರಿಯಾದ ಹೊರಪೊರೆಯ ಮೇಲಿರುವ ಮಾನೊಅಮೈನ್ ಆಕ್ಸಿಡೇಸ್, ಅಂದರೆ ಎಂಎಒ, ಮೊದಲು ಡೋಪಾಲ್ ಎಂಬ ಆಲ್ಡಿಹೈಡ್ ಆಗಿ ಒಡೆಯುತ್ತದೆ. ಅದು ಮುಂದೆ ಡೋಪ್ಯಾಕ್ ಆಗುತ್ತದೆ. ಎಂಎಒ ಕೆಲಸ ಮಾಡುವ ಹಂತದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಕೋಶದ ಹೊರಗೆ ಉಳಿದ ಡೋಪಮೈನ್ ಮೇಲೆ ಕಾಮ್ಟ್ ಎಂಬ ಮತ್ತೊಂದು ಕಿಣ್ವ ಕೆಲಸ ಮಾಡಿ 3-ಎಂಟಿ ಎಂಬ ಪದಾರ್ಥವನ್ನು ಉಂಟುಮಾಡುತ್ತದೆ. ಎರಡು ದಾರಿಗಳೂ ಕೊನೆಗೆ ಎಚ್‌ವಿಎ ಎಂಬ ಉತ್ಪನ್ನದಲ್ಲಿ ಸೇರುತ್ತವೆ.

ಈಗ ಪ್ರತಿ ಕಿಣ್ವದ ಪಕ್ಕದಲ್ಲಿ ಅದು ನೆಲೆಸಿರುವ ಕೋಶದ ಹೆಸರನ್ನು ಬರೆಯಿರಿ. ಟೈರೊಸಿನ್ ಹೈಡ್ರಾಕ್ಸಿಲೇಸ್ ನರಕೋಶದೊಳಗಿದೆ. ಆದ್ದರಿಂದಲೇ ಡೋಪಮೈನ್ ನರಕೋಶಗಳನ್ನು ಗುರುತಿಸಲು ಅದನ್ನು ಬಳಸುತ್ತಾರೆ. ಕಾಮ್ಟ್ ಮುಖ್ಯವಾಗಿ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಲ್ಲಿ ಮತ್ತು ಸಂಕೇತವನ್ನು ಸ್ವೀಕರಿಸುವ ನರಕೋಶಗಳಲ್ಲಿದೆ. ಎಂಎಒ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಮೇರಿ ಹೇರ್ ಅವರು 1928ರಲ್ಲಿ ಯಕೃತ್ತಿನಲ್ಲಿ ಗುರುತಿಸಿದ ಈ ಕಿಣ್ವಕ್ಕೆ ಎರಡು ರೂಪಗಳಿವೆ ಎಂಬುದು 1968ರಲ್ಲಿ, ಕ್ಲೋರ್ಜಿಲಿನ್ ಎಂಬ ಪ್ರತಿಬಂಧಕದ ಮೂಲಕ ತಿಳಿದುಬಂತು. ಕ್ಲೋರ್ಜಿಲಿನ್ ತಡೆಯುವ ರೂಪವನ್ನು ಎಂಎಒ-ಎ ಎಂದೂ, ಅದರ ಅಲ್ಪ ಪ್ರಮಾಣಕ್ಕೆ ಜಗ್ಗದ ರೂಪವನ್ನು ಎಂಎಒ-ಬಿ ಎಂದೂ ಕರೆಯಲಾಯಿತು. ಹಂಗೇರಿಯ ಯೋಸೆಫ್ ನೋಲ್ ಅವರ ತಂಡವು ರೂಪಿಸಿದ ಡೆಪ್ರೆನಿಲ್, ಇಂದಿನ ಹೆಸರಿನಲ್ಲಿ ಸೆಲೆಜಿಲಿನ್, ಎರಡನೆಯ ರೂಪವನ್ನು ಆಯ್ದು ತಡೆಯುತ್ತದೆ.

ಎಂಎಒ-ಬಿ ಹೇರಳವಾಗಿರುವುದು ಗ್ಲಿಯಾದ ಒಂದು ಬಗೆಯಾದ ಆಸ್ಟ್ರೊಸೈಟ್‌ಗಳಲ್ಲಿ ಮತ್ತು ಸೆರೊಟೋನಿನ್ ನರಕೋಶಗಳಲ್ಲಿ. ಸೆರೊಟೋನಿನನ್ನು ಚೆನ್ನಾಗಿ ಒಡೆಯುವುದು ಎಂಎಒ-ಎ ಆಗಿದ್ದರೂ ಆ ನರಕೋಶಗಳೊಳಗೆ ತುಂಬಿರುವುದು ಎಂಎಒ-ಬಿ ಎಂಬುದು ಈ ಕ್ಷೇತ್ರದಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ. ಇಲಿ ಮತ್ತು ಚಿಟ್ಟಿಲಿಗಳಲ್ಲಿ ಡೋಪಮೈನ್ ನರತುದಿಯ ಒಳಗೆ ನಡೆಯುವ ವಿಭಜನೆಯು ಮುಖ್ಯವಾಗಿ ಎಂಎಒ-ಎ ಮೂಲಕ ಸಾಗುತ್ತದೆ. ಹೀಗಾಗಿ ಇಲಿಗೆ ಕ್ಲೋರ್ಜಿಲಿನ್ ಕೊಟ್ಟರೆ, ಡೋಪಮೈನ್ ನರತುದಿಗಳು ದಟ್ಟವಾಗಿರುವ ಮಿದುಳಿನ ಭಾಗವಾದ ಸ್ಟ್ರೈಯೇಟಮ್‌ನಲ್ಲಿ ಡೋಪ್ಯಾಕ್ ಕಡಿದಾಗಿ ಇಳಿಯುತ್ತದೆ, ಅಂಗಾಂಶದಲ್ಲಿರುವ ಡೋಪಮೈನ್ ಏರುತ್ತದೆ. ಸೆಲೆಜಿಲಿನ್‌ನ ಅಲ್ಪ ಪ್ರಮಾಣವನ್ನು ಕೊಟ್ಟರೆ ಇವೆರಡರಲ್ಲೂ ಹೇಳಿಕೊಳ್ಳುವಂತಹ ಬದಲಾವಣೆ ಕಾಣುವುದಿಲ್ಲ. ಜೀನ್ ತೆಗೆದ ಚಿಟ್ಟಿಲಿಗಳೂ ಇದನ್ನೇ ತೋರಿಸಿದವು. ಎಂಎಒ-ಬಿ ಇಲ್ಲದ ಚಿಟ್ಟಿಲಿಗಳಲ್ಲಿ ಎಂಎಒ-ಬಿ ಒಡೆಯುವ ಇನ್ನೊಂದು ಪದಾರ್ಥವಾದ ಫಿನೈಲೆಥೈಲಮೈನ್ ಏರಿತು, ಡೋಪಮೈನ್ ಏರಲಿಲ್ಲ. ಎಂಎಒ-ಎ ಇಲ್ಲದ ಚಿಟ್ಟಿಲಿಗಳಲ್ಲಿ ಸೆರೊಟೋನಿನ್ ಏರಿತು ಮತ್ತು ಗಂಡುಗಳು ಹೆಚ್ಚು ಆಕ್ರಮಣಶೀಲವಾದವು. ಆದ್ದರಿಂದ ಎಂಎಒ-ಬಿ ಪ್ರತಿಬಂಧಕವೊಂದು ಇಲಿಯ ಡೋಪಮೈನನ್ನು ಗಣನೀಯವಾಗಿ ಹೆಚ್ಚಿಸಿತು ಎಂದು ವರದಿ ಹೇಳಿದರೆ, ಪ್ರಮಾಣ ಮಿತಿಮೀರಿ ಎಂಎಒ-ಎ ಕೂಡ ತಡೆಗೊಂಡಿದೆಯೇ ಎಂದು ಒಡನೆಯೇ ಸಂಶಯಿಸಬೇಕು.

ವಿಷವನ್ನು ಯಾರು ತಯಾರಿಸಿದರು ಎಂದು ಕೇಳಿ

ಈ ಬಗೆಯ ವರದಿಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಎಂಪಿಟಿಪಿ ಮಾದರಿಯಲ್ಲಿ, ಅಂದರೆ ಆ ಹೆಸರಿನ ಪದಾರ್ಥದಿಂದ ಪ್ರಾಣಿಯ ಡೋಪಮೈನ್ ನರಕೋಶಗಳಿಗೆ ಹಾನಿ ಮಾಡುವ ಪ್ರಯೋಗಗಳಲ್ಲಿ. 1982ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೃತಕ ಮಾದಕ ಪದಾರ್ಥವೊಂದನ್ನು ಚುಚ್ಚಿಕೊಂಡ ಕೆಲವು ಯುವಜನರು ದಿನಗಳೊಳಗೆ, ಡೋಪಮೈನ್ ನರಕೋಶಗಳು ಸಾಯುವ ಪಾರ್ಕಿನ್ಸನ್ ಕಾಯಿಲೆಯಂತಹ ತೀವ್ರ ಲಕ್ಷಣಗಳಿಗೆ ಒಳಗಾದರು. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಹೋದ್ಯೋಗಿಗಳು ಅದಕ್ಕೆ ಎಂಪಿಟಿಪಿ ಎಂಬ ಕಲ್ಮಶ ಕಾರಣವೆಂದು 1983ರಲ್ಲಿ ವರದಿ ಮಾಡಿದರು. ಈ ಪದಾರ್ಥ ಸ್ವತಃ ನರಕೋಶಕ್ಕೆ ವಿಷವಲ್ಲ. ಅದು ಮಿದುಳನ್ನು ಸೇರಿ, ಆಸ್ಟ್ರೊಸೈಟ್‌ನಲ್ಲಿರುವ ಎಂಎಒ-ಬಿ ಮೂಲಕ ಎಂಪಿಪಿ-ಪ್ಲಸ್ ಆಗಿ ಬದಲಾಗುತ್ತದೆ. ಅದನ್ನು ಡೋಪಮೈನ್ ಸಾಗಣೆ ಪ್ರೋಟೀನು ತನ್ನದೇ ಸರಕೆಂದು ಭಾವಿಸಿ ನರಕೋಶದೊಳಗೆ ಎಳೆದುಕೊಳ್ಳುತ್ತದೆ. ಒಳಗೆ ಅದು ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್-1 ಎಂಬ ಕಿಣ್ವಸಮೂಹವನ್ನು ತಡೆದು ಶಕ್ತಿಯ ಉತ್ಪಾದನೆಯನ್ನು ಮುರಿಯುತ್ತದೆ.

ಈ ಸರಪಣಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಎಂಪಿಟಿಪಿಗೆ ಮೊದಲು ಸೆಲೆಜಿಲಿನ್ ಕೊಟ್ಟ ಚಿಟ್ಟಿಲಿಗಳಲ್ಲಿ ನರಕೋಶಗಳು ಉಳಿದದ್ದು ಏಕೆ ಎಂಬುದು ತಾನಾಗಿಯೇ ತಿಳಿಯುತ್ತದೆ. 1984ರಲ್ಲೇ ತೋರಿಸಲಾದ ಈ ಫಲಿತಾಂಶದಲ್ಲಿ ನರಕೋಶದ ರಕ್ಷಣೆ ನಡೆದದ್ದು ನರಕೋಶದ ಹೊರಗೆ: ವಿಷ ತಯಾರಾಗಲೇ ಇಲ್ಲ. ವಿಷ ಹೇಗೆ ತಯಾರಾಗುತ್ತದೆ ಎಂಬುದನ್ನು ಅರಿಯುವ ದೃಷ್ಟಿಯಿಂದ ಅದು ಅಮೂಲ್ಯವಾದ ಪ್ರಯೋಗ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆ ಔಷಧ ನರಕೋಶವನ್ನು ಉಳಿಸುತ್ತದೆ ಎಂಬುದಕ್ಕೆ ಅದು ಪುರಾವೆಯಾಗದು. ದುರದೃಷ್ಟವಶಾತ್ ಹೊಸ ಸಂಯುಕ್ತಗಳ ಬಗ್ಗೆ ಬರೆಯುವಾಗ ಈ ಭೇದವನ್ನು ಮರೆಯುವವರು ಇನ್ನೂ ಇದ್ದಾರೆ. ಸಸ್ಯಸಾರವೊಂದು ಎಂಪಿಟಿಪಿಯಿಂದ ರಕ್ಷಿಸಿತು ಎಂದು ಓದಿದಾಗಲೂ ಅದರಲ್ಲಿ ಎಂಎಒ-ಬಿಯನ್ನು ತಡೆಯುವ ಅಂಶ ಇದೆಯೇ ಎಂದು ವಿಚಾರಿಸುವುದು ಅಗತ್ಯ.

ಹಾಗಾದರೆ ವರದಿಯಲ್ಲಿ ಏನನ್ನು ಹುಡುಕಬೇಕು? ಔಷಧ ಕೊಟ್ಟ ಮತ್ತು ಕೊಡದ ಎರಡೂ ಗುಂಪುಗಳ ಸ್ಟ್ರೈಯೇಟಮ್‌ನಲ್ಲಿ ಎಂಪಿಪಿ-ಪ್ಲಸ್ ಎಷ್ಟಿತ್ತೆಂದು ಅಳೆದಿದ್ದಾರೆಯೇ ನೋಡಿ. ಔಷಧದ ಗುಂಪಿನಲ್ಲಿ ಅದು ಕಡಿಮೆಯಿದ್ದರೆ ರಕ್ಷಣೆಯ ಬಗೆ ನಿರ್ಧಾರವಾದಂತೆಯೇ ಸರಿ. ಎಂಪಿಪಿ-ಪ್ಲಸ್ ಸಮಾನವಾಗಿದ್ದರೆ, ಅದು ನರಕೋಶದೊಳಗೆ ಹೋಗುವುದನ್ನು ಔಷಧ ತಡೆದಿದೆಯೇ ಎಂಬ ಮುಂದಿನ ಪ್ರಶ್ನೆ ಏಳುತ್ತದೆ; ಸಾಗಣೆ ಪ್ರೋಟೀನನ್ನು ಅಡ್ಡಗಟ್ಟುವ ಯಾವುದೇ ಪದಾರ್ಥ ಇದೇ ಫಲ ಕೊಡುತ್ತದೆ. ಇನ್ನೊಂದು ದಾರಿ ಔಷಧವನ್ನು ತಡವಾಗಿ ಕೊಡುವುದು. 1991ರಲ್ಲಿ ಪ್ರಕಟವಾದ ಹೆಸರುವಾಸಿ ಪ್ರಯೋಗವೊಂದರಲ್ಲಿ ಎಂಪಿಟಿಪಿ ಕೊಟ್ಟು 72 ಗಂಟೆ ಕಳೆದ ಮೇಲೆ, ಅಂದರೆ ಪರಿವರ್ತನೆಯ ಕೆಲಸ ಮುಗಿದ ಮೇಲೆ, ಚಿಟ್ಟಿಲಿಗಳಿಗೆ ಡೆಪ್ರೆನಿಲ್ ಆರಂಭಿಸಿದರು. ಆಗಲೂ ಹೆಚ್ಚು ನರಕೋಶಗಳು ಉಳಿದವು. ಮೊದಲೇ ಕೊಟ್ಟ ಪ್ರಯೋಗಗಳಿಗಿಂತ ಇದರ ತೂಕ ಹೆಚ್ಚು, ಏಕೆಂದರೆ ಇಲ್ಲಿ ಸುಲಭದ ವಿವರಣೆ ಮುಚ್ಚಿಹೋಗಿದೆ.

ಪ್ರಾಣಿಯ ಜಾತಿಯನ್ನೂ ತಳಿಯನ್ನೂ ಇದೇ ಹಂತದಲ್ಲಿ ಗಮನಿಸಬೇಕು. ಎಂಪಿಟಿಪಿಗೆ ಇಲಿಗಳು ಬಹುಮಟ್ಟಿಗೆ ಬಗ್ಗುವುದಿಲ್ಲ. ಸಿ57ಬಿಎಲ್/6 ತಳಿಯ ಚಿಟ್ಟಿಲಿಗಳು ಸುಲಭವಾಗಿ ತುತ್ತಾಗುತ್ತವೆ. ಎರಡು ಗಂಟೆಗೊಮ್ಮೆಯಂತೆ ಒಂದೇ ದಿನ ನಾಲ್ಕು ಚುಚ್ಚುಮದ್ದು ಕೊಡುವ ಕ್ರಮಕ್ಕೂ ದಿನಕ್ಕೊಂದರಂತೆ ಐದು ದಿನ ಕೊಡುವ ಕ್ರಮಕ್ಕೂ ಕೋಶಗಳು ಸಾಯುವ ರೀತಿಯಲ್ಲಿ ವ್ಯತ್ಯಾಸವಿರುವುದರಿಂದ, ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ನೇರವಾಗಿ ಅನ್ವಯಿಸಲಾಗದು.

ಇಲಿಗಳಲ್ಲಿ ಹೆಚ್ಚಾಗಿ ಬಳಸುವುದು 6-ಹೈಡ್ರಾಕ್ಸಿಡೋಪಮೈನ್ ಎಂಬ ಇನ್ನೊಂದು ವಿಷ. ಉಂಗರ್‌ಸ್ಟೆಡ್ ಅವರು 1968ರಲ್ಲಿ ಪರಿಚಯಿಸಿದ ಈ ವಿಧಾನದಲ್ಲಿ ವಿಷವನ್ನು ಮಿದುಳಿನ ಒಂದು ಪಾರ್ಶ್ವಕ್ಕೆ ಸೂಕ್ಷ್ಮ ಸೂಜಿಯಿಂದ ನೇರವಾಗಿ ಹಾಕುತ್ತಾರೆ. ಇದು ಎಂಎಒ-ಬಿಯಿಂದ ತಯಾರಾಗಬೇಕಾದ ವಿಷವಲ್ಲವಾದ್ದರಿಂದ ಮೇಲಿನ ಗೊಂದಲ ಇಲ್ಲಿಲ್ಲ. ಆದರೆ ವಿಧಾನದ ಭಾಗವನ್ನು ನಿಧಾನವಾಗಿ ಓದಿ: ಅನೇಕ ಪ್ರಯೋಗಾಲಯಗಳಲ್ಲಿ ನೊರಡ್ರೆನಲಿನ್ ನರಗಳನ್ನು ಉಳಿಸಲು ಡೆಸಿಪ್ರಮೈನ್ ಅನ್ನೂ, ವಿಷ ಬೇಗ ಒಡೆದುಹೋಗದಂತೆ ಪಾರ್ಜಿಲಿನ್ ಅನ್ನೂ ಮೊದಲೇ ಕೊಡುತ್ತಾರೆ. ಪಾರ್ಜಿಲಿನ್ ಸ್ವತಃ ಶಾಶ್ವತವಾಗಿ ಬೆಸೆದುಕೊಳ್ಳುವ ಎಂಎಒ ಪ್ರತಿಬಂಧಕ. ಎಂಎಒ ಪ್ರತಿಬಂಧಕವೊಂದರ ಪರಿಣಾಮವನ್ನು ಪರೀಕ್ಷಿಸುವ ಪ್ರಯೋಗದಲ್ಲಿ ಎಲ್ಲ ಗುಂಪುಗಳಿಗೂ ಇನ್ನೊಂದು ಎಂಎಒ ಪ್ರತಿಬಂಧಕವನ್ನು ಕೊಟ್ಟಿದ್ದರೆ, ಹೋಲಿಕೆಯ ಗುಂಪು ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ರೊಟೆನೋನ್ ಮಾದರಿಯನ್ನು ಓದುವಾಗ ನೆನಪಿಡಬೇಕಾದದ್ದು, ಅಲ್ಲಿ ವಿಷವೇ ಒಂದು ಕಿಣ್ವ ಪ್ರತಿಬಂಧಕ ಎಂಬುದು. ಅದು ದೇಹದ ಎಲ್ಲ ಕೋಶಗಳಲ್ಲೂ ಕಾಂಪ್ಲೆಕ್ಸ್-1 ಅನ್ನು ತಡೆಯುತ್ತದೆ. ಆದರೂ ಮಧ್ಯಮಿದುಳಿನ ಭಾಗವಾದ ಸಬ್‌ಸ್ಟ್ಯಾನ್ಷಿಯಾ ನೈಗ್ರಾದ ಡೋಪಮೈನ್ ನರಕೋಶಗಳು ಬೇಗ ಸೋಲುತ್ತವೆ. ಇಲಿಯಲ್ಲಿ ಅಂತಹ ಒಂದೇ ಕೋಶದ ನರತಂತು ಕವಲೊಡೆದು ಒಟ್ಟು ಅರ್ಧ ಮೀಟರಿನ ಆಸುಪಾಸಿನ ಉದ್ದಕ್ಕೆ ಹರಡಿಕೊಂಡಿರುತ್ತದೆ ಎಂಬುದನ್ನು ತಿಳಿದರೆ, ಶಕ್ತಿಯ ಕೊರತೆಯನ್ನು ಅದು ತಾಳಲಾರದು ಎಂಬುದರಲ್ಲಿ ಅಚ್ಚರಿಯೇನೂ ಇಲ್ಲ.

ಪ್ರಮಾಣ, ಅವಧಿ ಮತ್ತು ಔಷಧದ ಉತ್ಪನ್ನಗಳು

ಆಯ್ಕೆಯ ಗುಣ ಪ್ರಮಾಣವನ್ನು ಅವಲಂಬಿಸಿದೆ. ಇಲಿಯ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.25 ಮಿಲಿಗ್ರಾಂ ಸೆಲೆಜಿಲಿನ್ ಎಂಎಒ-ಬಿಯನ್ನು ಆಯ್ದು ತಡೆಯುವ ವ್ಯಾಪ್ತಿಯಲ್ಲಿದೆ. 10 ಮಿಲಿಗ್ರಾಂ ಕೊಟ್ಟಾಗ ಎರಡೂ ರೂಪಗಳು ತಡೆಗೊಳ್ಳುತ್ತವೆ. ಶೀರ್ಷಿಕೆಯಲ್ಲಿ ಎಂಎಒ-ಬಿ ಪ್ರತಿಬಂಧಕ ಎಂದಿದ್ದ ಮಾತ್ರಕ್ಕೆ ನಂಬದೆ, ಅದೇ ಪ್ರಾಣಿಗಳ ಮಿದುಳಿನಲ್ಲಿ ಎರಡೂ ಕಿಣ್ವಗಳ ಚಟುವಟಿಕೆಯನ್ನು ಅಳೆದ ಕೋಷ್ಟಕ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ವರದಿಯ ಅರ್ಧ ಭಾಗ ಊಹೆಯ ಮೇಲೆ ನಿಂತಿದೆ ಎಂದೇ ನಾನು ಪರಿಗಣಿಸುತ್ತೇನೆ.

ಸೆಲೆಜಿಲಿನ್, ರಾಸಜಿಲಿನ್ (ಎಂಎಒ-ಬಿಯನ್ನೇ ಆಯ್ದು ತಡೆಯುವ ಇನ್ನೊಂದು ಔಷಧ), ಕ್ಲೋರ್ಜಿಲಿನ್‌ಗಳು ಕಿಣ್ವಕ್ಕೆ ಶಾಶ್ವತವಾಗಿ ಬೆಸೆದುಕೊಳ್ಳುವುದರಿಂದ ಔಷಧ ರಕ್ತದಿಂದ ಮಾಯವಾದ ಮೇಲೂ ತಡೆ ಮುಂದುವರಿಯುತ್ತದೆ. ಕೋಶವು ಹೊಸ ಕಿಣ್ವವನ್ನು ತಯಾರಿಸಿದಂತೆಲ್ಲ ಚಟುವಟಿಕೆ ಮರಳುತ್ತದೆ. ಇಲಿಯ ಮಿದುಳಿನಲ್ಲಿ ಎಂಎಒ-ಬಿ ಅರ್ಧದಷ್ಟು ಮರಳಲು ಸುಮಾರು ಹತ್ತು ದಿನ ಬೇಕಾದರೆ, ಮನುಷ್ಯನಲ್ಲಿ ಸುಮಾರು 40 ದಿನ ಬೇಕು. ಮೊಕ್ಲೊಬೆಮೈಡ್ ಮತ್ತು ಸಫಿನಮೈಡ್‌ಗಳು ಕಿಣ್ವಕ್ಕೆ ಶಾಶ್ವತವಾಗಿ ಅಂಟದೆ ಬಿಟ್ಟುಹೋಗುವ ಬಗೆಯ ಪ್ರತಿಬಂಧಕಗಳು. ಔಷಧ ನಿಲ್ಲಿಸಿ ಎರಡು ದಿನ ಬಿಟ್ಟು ಅಳೆದೆವು ಎಂಬ ವಾಕ್ಯದ ಅರ್ಥ ಈ ಎರಡು ಗುಂಪುಗಳಲ್ಲಿ ಸಂಪೂರ್ಣ ಬೇರೆಯಾಗಿರುತ್ತದೆ.

ಔಷಧವು ದೇಹದಲ್ಲಿ ಏನಾಗಿ ಬದಲಾಗುತ್ತದೆ ಎಂಬುದೂ ಮುಖ್ಯ. ಸೆಲೆಜಿಲಿನ್‌ನಿಂದ ಎಲ್-ಮೆಥಾಂಫೆಟಮೈನ್ ಮತ್ತು ಎಲ್-ಆಂಫೆಟಮೈನ್ ಹುಟ್ಟುತ್ತವೆ. ಅವು ಡೋಪಮೈನ್ ಬಿಡುಗಡೆಯ ಮೇಲೆ ಸ್ವತಂತ್ರವಾಗಿ ಪ್ರಭಾವ ಬೀರಬಲ್ಲವು. ರಾಸಜಿಲಿನ್‌ನಿಂದ ಹುಟ್ಟುವುದು ಅಮೈನೊಇಂಡಾನ್, ಅದಕ್ಕೆ ಆ ಗುಣವಿಲ್ಲ. ಒಂದು ಪ್ರಯೋಗದಲ್ಲಿ ಎರಡೂ ಔಷಧಗಳನ್ನು ಪಕ್ಕಪಕ್ಕದಲ್ಲಿ ಹೋಲಿಸಿದ್ದರೆ ಆ ವರದಿ ಹೆಚ್ಚು ಬೆಲೆಯುಳ್ಳದ್ದು. ಅದಕ್ಕಿಂತಲೂ ಉತ್ತಮವಾದ ಹೋಲಿಕೆ ರಾಸಜಿಲಿನ್‌ನ ಕನ್ನಡಿ-ಪ್ರತಿಬಿಂಬದ ಅಣುವಿನೊಂದಿಗೆ: ಎಂಎಒಯನ್ನು ತಡೆಯುವ ಅದರ ಶಕ್ತಿ ರಾಸಜಿಲಿನ್‌ಗಿಂತ ಸುಮಾರು ಸಾವಿರ ಪಟ್ಟು ಕಡಿಮೆ, ಆದರೂ ಕೋಶಸಾಕಣೆಯಲ್ಲಿ ರಕ್ಷಣೆ ಕೊಟ್ಟಿತು. ರಕ್ಷಣೆಯೆಲ್ಲವೂ ಕಿಣ್ವದ ತಡೆಯಿಂದಲೇ ಬರಬೇಕಿಲ್ಲ ಎಂಬುದನ್ನು ಆ ಒಂದು ನಿಯಂತ್ರಣ ಅಣು ಎಷ್ಟು ಅಚ್ಚುಕಟ್ಟಾಗಿ ತೋರಿಸಿಕೊಟ್ಟಿತು!

ಸಹಾಯಕವಾಗಿ ಬಳಸುವ ಪ್ರತಿಬಂಧಕಗಳಲ್ಲೂ ಇಂತಹ ಅಡ್ಡಪರಿಣಾಮಗಳುಂಟು. ಡೋಪಮೈನ್ ಉತ್ಪಾದನೆಯ ವೇಗವನ್ನು ತಿಳಿಯಲು ಎನ್‌ಎಸ್‌ಡಿ-1015 ಕೊಟ್ಟು, ಡಿಕಾರ್ಬಾಕ್ಸಿಲೇಸ್ ನಿಂತಾಗ ಶೇಖರವಾಗುವ ಎಲ್-ಡೋಪಾವನ್ನು ಅಳೆಯುತ್ತಾರೆ. ಆದರೆ ಈ ಪದಾರ್ಥ ಎಂಎಒಯನ್ನೂ ತಡೆಯುತ್ತದೆ. ಟೈರೊಸಿನ್ ಹೈಡ್ರಾಕ್ಸಿಲೇಸ್ ಅನ್ನು ಆಲ್ಫಾ-ಮೀಥೈಲ್-ಪ್ಯಾರಾ-ಟೈರೊಸಿನ್‌ನಿಂದ ನಿಲ್ಲಿಸಿ, ಡೋಪಮೈನ್ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡುವ ವಿಧಾನದಲ್ಲಿ ಆ ತೊಡಕಿಲ್ಲ.

ಅಳತೆಯ ವಿಧಾನವೇ ಉತ್ತರವನ್ನು ಬದಲಿಸುತ್ತದೆ

ಅಂಗಾಂಶವನ್ನು ಅರೆದು ಅಳೆದ ಡೋಪಮೈನ್‌ನಲ್ಲಿ ಬಹುಪಾಲು ಕೋಶಿಕೆಗಳಲ್ಲಿ ಕಾದಿಟ್ಟದ್ದು. ಮೈಕ್ರೊಡಯಾಲಿಸಿಸ್ ಮೂಲಕ, ಅಂದರೆ ಮಿದುಳಿಗೆ ಇಳಿಸಿದ ಸಣ್ಣ ಶೋಧಕ ನಳಿಕೆಯಿಂದ, ಜೀವಂತ ಇಲಿಯಿಂದ ಪಡೆದದ್ದು ಕೋಶದ ಹೊರಗಿನದು. ಎಂಎಒ-ಎ ತಡೆಗೊಂಡಾಗ ಮೊದಲನೆಯದು ಏರಿದರೂ ಎರಡನೆಯದು ಅಷ್ಟಾಗಿ ಏರದಿರಲು ಕಾರಣ, ಸಾಗಣೆ ಪ್ರೋಟೀನು ಎಂದಿನಂತೆ ಕೆಲಸ ಮಾಡುತ್ತಿರುವುದು. ಡೋಪ್ಯಾಕ್ ಇಳಿದುದನ್ನು ಡೋಪಮೈನ್ ಬಿಡುಗಡೆ ಇಳಿಯಿತು ಎಂದು ಓದುವುದು ವಿದ್ಯಾರ್ಥಿಗಳು ಮತ್ತೆ ಮತ್ತೆ ಮಾಡುವ ತಪ್ಪು. ಇಲಿಯಲ್ಲಿ ಡೋಪ್ಯಾಕ್ ಬಹುತೇಕ ನರತುದಿಯ ಒಳಗೇ ತಯಾರಾಗುತ್ತದೆ. ಬಿಡುಗಡೆಯನ್ನು ಹೆಚ್ಚು ಚೆನ್ನಾಗಿ ಸೂಚಿಸುವುದು 3-ಎಂಟಿ. ಟೋಲ್ಕಪೋನ್‌ನಂತಹ ಕಾಮ್ಟ್ ಪ್ರತಿಬಂಧಕವನ್ನು ಕೊಟ್ಟಾಗ ಡೋಪ್ಯಾಕ್ ಏರಿ ಎಚ್‌ವಿಎ ಇಳಿಯುತ್ತದೆ, ಆದರೆ ಸ್ಟ್ರೈಯೇಟಮ್‌ನ ಡೋಪಮೈನ್ ಹೆಚ್ಚೇನೂ ಕದಲುವುದಿಲ್ಲ. ಸಾಗಣೆ ಪ್ರೋಟೀನು ವಿರಳವಾಗಿರುವ ಮಿದುಳಿನ ಮುಂಭಾಗದ ತೊಗಟೆಯಲ್ಲಿ ಮಾತ್ರ ಕಾಮ್ಟ್‌ಗೆ ಮಹತ್ವವಿದೆ. ಕಾಮ್ಟ್ ಜೀನ್ ಇಲ್ಲದ ಚಿಟ್ಟಿಲಿಗಳಲ್ಲಿ ಆ ಭಾಗದ ಡೋಪಮೈನ್ ಏರಿದ್ದು ಗಂಡುಗಳಲ್ಲಿ ಮಾತ್ರ ಎಂಬ ಫಲಿತಾಂಶವನ್ನು ನೋಡಿದರೆ, ಗಂಡು ಪ್ರಾಣಿಗಳನ್ನಷ್ಟೇ ಬಳಸಿ ಸಾಮಾನ್ಯ ನಿಯಮ ಹೇಳುವ ವರದಿಗಳ ಬಗ್ಗೆ ಎಚ್ಚರ ಮೂಡದಿರದು.

ನರಕೋಶದ ಮಿಡಿತವನ್ನು ವಿದ್ಯುದ್ದ್ವಾರದಿಂದ ದಾಖಲಿಸಿದ ವರದಿಗಳಲ್ಲಿ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಓದಬೇಕು: ಸೆಕೆಂಡಿಗೆ ಎಷ್ಟು ಮಿಡಿತ ಮತ್ತು ಅವುಗಳಲ್ಲಿ ಎಷ್ಟು ಗೊಂಚಲಾಗಿ ಬಂದವು. ಎರಡು ಮಿಡಿತಗಳ ನಡುವಿನ ಅಂತರ 80 ಮಿಲಿಸೆಕೆಂಡಿಗಿಂತ ಕಡಿಮೆಯಾದಾಗ ಗೊಂಚಲು ಆರಂಭವಾಯಿತೆಂದೂ, 160 ದಾಟಿದಾಗ ಮುಗಿಯಿತೆಂದೂ ಎಣಿಸುವುದು 1984ರಿಂದ ಬಂದ ರೂಢಿ. ಹೊರಗಿನ ಡೋಪಮೈನ್ ಹೆಚ್ಚಾದಾಗ ಡೋಪಮೈನ್ ನರಕೋಶದ ಮೇಲೆಯೇ ಇರುವ ಡಿ2 ಸ್ವಗ್ರಾಹಕಗಳು ಆ ನರಕೋಶದ ಮಿಡಿತವನ್ನು ತಗ್ಗಿಸುತ್ತವೆ. ಎಂಎಒ-ಎ ಪ್ರತಿಬಂಧಕಗಳು ಸೆರೊಟೋನಿನನ್ನೂ ನೊರಡ್ರೆನಲಿನನ್ನೂ ಹೆಚ್ಚಿಸುವುದರಿಂದ, 5-ಎಚ್‌ಟಿ2ಸಿ ಎಂಬ ಸೆರೊಟೋನಿನ್ ಗ್ರಾಹಕಗಳ ಮೂಲಕ ಮಧ್ಯಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದ ಡೋಪಮೈನ್ ಕೋಶಗಳಿಗೆ ಪರೋಕ್ಷ ಕಡಿವಾಣವೂ ಬೀಳಬಹುದು. ಎರಡು ದಿನದ ಚಿಕಿತ್ಸೆಯ ಫಲ ಮೂರು ವಾರದ ಚಿಕಿತ್ಸೆಯ ಫಲಕ್ಕೆ ಸಮನಾಗಿರಬೇಕೆಂದಿಲ್ಲ. ಗ್ರಾಹಕಗಳು ಅಷ್ಟರಲ್ಲಿ ಹೊಂದಿಕೊಂಡಿರುತ್ತವೆ. ದಾಖಲಾತಿ ಅರಿವಳಿಕೆಯಲ್ಲಿ ನಡೆಯಿತೇ, ಎಚ್ಚರದ ಪ್ರಾಣಿಯಲ್ಲೇ, ಅಥವಾ ಮಿದುಳಿನ ತೆಳುಹೋಳಿನಲ್ಲೇ ಎಂಬುದನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ತೆಳುಹೋಳಿನಲ್ಲಿ ಈ ಕೋಶಗಳು ಗಡಿಯಾರದಂತೆ ಮಿಡಿಯುತ್ತವೆಯೇ ಹೊರತು ತಾವಾಗಿ ಗೊಂಚಲು ತೋರುವುದು ಅಪರೂಪ.

ಕೋಶಗಳ ಎಣಿಕೆಗೆ ಬಂದರೆ, ಮಧ್ಯಮಿದುಳಿನ ಎರಡೂ ಪಾರ್ಶ್ವಗಳನ್ನು ಸೇರಿಸಿ ಚಿಟ್ಟಿಲಿಯಲ್ಲಿ 20,000ದಿಂದ 30,000, ಇಲಿಯಲ್ಲಿ 40,000ದಿಂದ 45,000 ಡೋಪಮೈನ್ ನರಕೋಶಗಳಿವೆ. ಇವುಗಳನ್ನು ಟೈರೊಸಿನ್ ಹೈಡ್ರಾಕ್ಸಿಲೇಸ್‌ನ ಬಣ್ಣದಿಂದ ಗುರುತಿಸುವಾಗ, ಬಣ್ಣ ಕಾಣದ ಕೋಶ ಸತ್ತಿದೆ ಎಂದು ಹೇಳಲು ಬರುವುದಿಲ್ಲ. ಪೆಟ್ಟು ತಿಂದ ಕೋಶ ಆ ಕಿಣ್ವದ ತಯಾರಿಕೆಯನ್ನು ನಿಲ್ಲಿಸಿ ಬದುಕಿರಬಹುದು. ಅದೇ ತುಂಡಿನಲ್ಲಿ ನಿಸ್ಲ್ ಬಣ್ಣದಿಂದ ಒಟ್ಟು ನರಕೋಶಗಳನ್ನೂ ಎಣಿಸಿ, ಎರಡೂ ಸಮಪ್ರಮಾಣದಲ್ಲಿ ಇಳಿದಿವೆಯೇ ಎಂದು ತೋರಿಸಿದ್ದರೆ ಮಾತ್ರ ಸಾವು ಎಂಬ ಪದ ಒಪ್ಪತಕ್ಕದ್ದು. ಎಣಿಕೆಯು ಸ್ಟೀರಿಯಾಲಜಿ ಕ್ರಮದಲ್ಲಿ, ಅಂದರೆ ಕ್ರಮಬದ್ಧವಾಗಿ ಆಯ್ದ ತುಂಡುಗಳಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಕ್ರಮದಲ್ಲಿ, ನಡೆದಿರಬೇಕು, ಎಣಿಸುವವರಿಗೆ ಯಾವ ಪ್ರಾಣಿ ಯಾವ ಗುಂಪಿನದೆಂದು ತಿಳಿದಿರಬಾರದು. ಪ್ರಾಣಿಪ್ರಯೋಗಗಳ ವರದಿಗಾರಿಕೆಗೆಂದು 2010ರಲ್ಲಿ ರೂಪುಗೊಂಡು 2020ರಲ್ಲಿ ಪರಿಷ್ಕೃತವಾದ ಅರೈವ್ ಮಾರ್ಗಸೂಚಿಯು ಇದನ್ನೂ, ಪ್ರಾಣಿಗಳನ್ನು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಿದ ಬಗೆಯನ್ನೂ ಬರೆಯುವಂತೆ ಕೇಳುತ್ತದೆ.

ಮನುಷ್ಯನ ಮಾತು ಬಂದಾಗ

ವರದಿಯ ಕೊನೆಯ ಪುಟದಲ್ಲಿ ಬಹುಮಟ್ಟಿಗೆ ಪಾರ್ಕಿನ್ಸನ್ ರೋಗಿಗಳ ಪ್ರಸ್ತಾಪ ಬರುತ್ತದೆ. ಆಗ ಮೊದಲು ಪ್ರಮಾಣವನ್ನು ಪರಿವರ್ತಿಸಿ ನೋಡಿ. ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ, ಪ್ರತಿ ಕಿಲೋಗ್ರಾಂಗೆ ಕೊಟ್ಟ ಮಿಲಿಗ್ರಾಂ ಸಂಖ್ಯೆಯನ್ನು ಚಿಟ್ಟಿಲಿಯದಾದರೆ 12.3ರಿಂದ, ಇಲಿಯದಾದರೆ 6.2ರಿಂದ ಭಾಗಿಸಿದರೆ ಮನುಷ್ಯನ ಅಂದಾಜು ಪ್ರಮಾಣ ಸಿಗುತ್ತದೆ. ಇಲಿಗೆ ಕಿಲೋಗ್ರಾಂಗೆ 10 ಮಿಲಿಗ್ರಾಂ ಸೆಲೆಜಿಲಿನ್ ಎಂದರೆ 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ಸುಮಾರು 97 ಮಿಲಿಗ್ರಾಂ. ಚಿಕಿತ್ಸೆಯಲ್ಲಿ ಬಾಯಿಯ ಮೂಲಕ ಕೊಡುವುದು ದಿನಕ್ಕೆ 10. ಇದು ಪ್ರಯೋಗವರದಿಯನ್ನು ತೂಗಿನೋಡುವ ಲೆಕ್ಕ ಮಾತ್ರ, ಯಾರಿಗೂ ಔಷಧ ನಿರ್ಧರಿಸುವ ಲೆಕ್ಕವಲ್ಲ.

ಮುಂದಿನ ಹೆಜ್ಜೆ, ಚಿಕಿತ್ಸಾ ಪರೀಕ್ಷೆಗಳ ಫಲಿತಾಂಶವನ್ನು ವರದಿ ಪೂರ್ತಿಯಾಗಿ ಉಲ್ಲೇಖಿಸಿದೆಯೇ ಎಂದು ನೋಡುವುದು. 800 ರೋಗಿಗಳನ್ನೊಳಗೊಂಡ ಡೇಟಾಟಾಪ್ ಪರೀಕ್ಷೆಯಲ್ಲಿ ಡೆಪ್ರೆನಿಲ್ ಪಡೆದವರಿಗೆ ಲೆವೊಡೋಪಾ (ಔಷಧವಾಗಿ ಕೊಡುವ ಎಲ್-ಡೋಪಾ) ಆರಂಭಿಸಬೇಕಾದ ಕಾಲ ಮುಂದೆ ಹೋಯಿತು. ಆದರೆ ಔಷಧವು ಲಕ್ಷಣಗಳನ್ನೇ ಸ್ವಲ್ಪ ತಗ್ಗಿಸುವುದರಿಂದ, ನರಕೋಶಗಳು ಉಳಿದವು ಎಂದು ಅದರಿಂದ ಹೇಳಲಾಗಲಿಲ್ಲ. ಈ ತೊಡಕನ್ನು ಬಿಡಿಸಲೆಂದೇ ಅಡಾಜಿಯೋ ಪರೀಕ್ಷೆಯಲ್ಲಿ ಕೆಲವರಿಗೆ ರಾಸಜಿಲಿನನ್ನು ಮೊದಲಿನಿಂದಲೂ, ಉಳಿದವರಿಗೆ ಒಂಬತ್ತು ತಿಂಗಳು ತಡವಾಗಿಯೂ ಕೊಟ್ಟರು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಬೇಗ ಆರಂಭಿಸಿದವರಿಗೆ ದಿನಕ್ಕೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಅನುಕೂಲ ಕಂಡಿತು, 2 ಮಿಲಿಗ್ರಾಂನಲ್ಲಿ ಕಾಣಲಿಲ್ಲ. ನೀವು ಓದುತ್ತಿರುವ ಪ್ರಯೋಗವರದಿಯು ಈ ಎರಡು ಪ್ರಮಾಣಗಳಲ್ಲಿ ಮೊದಲನೆಯದನ್ನು ಮಾತ್ರ ಹೆಸರಿಸಿದ್ದರೆ, ಅದರ ವಿಧಾನದ ಭಾಗಕ್ಕೆ ಹಿಂದಿರುಗಿ ಇನ್ನೊಮ್ಮೆ ಓದಿ.